ಆ ಎರಡಾಣೆಯ ಬಗ್ಗೆ ಬರೆಯಿರಿ

ನಮಸ್ಕಾರ,

ನಿಮ್ಮ ‘ಹಣ ನಡೆದುಬಂದ ದಾರಿ’ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಕವಡೆಯಿಂದ ಯುಪಿಐವರೆಗೆ ಒಂದೇ ಉಸಿರಿಗೆ ಓಡಿದ್ದೀರಿ, ಎಲ್ಲೂ ನಿಂತಿಲ್ಲ.

ಶುರುವಿನಲ್ಲಿ ಅಕ್ಕಿ ಕೊಟ್ಟು ಮಡಕೆ ತರುವ ಆದಿಮಾನವನನ್ನು ಕೈಬಿಡಿ. ಬರೀ ವಸ್ತುವಿನಿಮಯದ ಮೇಲೇ ನಡೆದ ಸಮಾಜ ಮಾನವಶಾಸ್ತ್ರಜ್ಞರಿಗೆ ಸಿಕ್ಕಿಲ್ಲ. ಮಾನವಶಾಸ್ತ್ರಜ್ಞೆ ಕ್ಯಾರೊಲಿನ್ ಹಂಫ್ರಿ 1985ರಲ್ಲೇ ಇದನ್ನು ಖಡಾಖಂಡಿತವಾಗಿ ಬರೆದಿದ್ದಾರೆ. ಮೆಸೊಪೊಟೇಮಿಯದಲ್ಲಿ ನಾಣ್ಯ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಬಾರ್ಲಿ, ಬೆಳ್ಳಿಯ ಲೆಕ್ಕದಲ್ಲಿ ಸಾಲ ಬರೆದಿಡುತ್ತಿದ್ದರು. ಉದ್ರಿ ಮೊದಲು, ನಾಣ್ಯ ಆಮೇಲೆ. ತುಘಲಕನನ್ನೂ ‘ಹುಚ್ಚ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಟಂಕ ಎಂಬ ಬೆಳ್ಳಿ ನಾಣ್ಯದ ಬೆಲೆ ಕಟ್ಟಿ ತಾಮ್ರ, ಹಿತ್ತಾಳೆಯ ನಾಣ್ಯ ಹೊರಡಿಸಿದ್ದು ಹುಚ್ಚಾದರೆ ನಮ್ಮ ಜೇಬಿನ ನೋಟೂ ಹುಚ್ಚೇ. ಅವನು ಸೋತದ್ದು ಖೋಟಾ ನಾಣ್ಯ ತಡೆಯಲಾಗದೆ.

ಇಷ್ಟೆಲ್ಲ ಓದಿ ಸುಸ್ತಾದ ಮೇಲೆ ಕೊನೆಯ ಪುಟದಲ್ಲಿ ನಾಲ್ಕು ಸಾಲು ಸಿಕ್ಕವು: ನಿಮ್ಮ ಅಜ್ಜ ಉಡುಪಿಯಲ್ಲಿ ಪಿಗ್ಮಿ (ದಿನದಿನದ ಸಣ್ಣ ಉಳಿತಾಯ) ಕಲೆಕ್ಟರ್ ಆಗಿದ್ದರು, ಸಂಜೆ ಅಂಗಡಿ ಅಂಗಡಿ ತಿರುಗಿ ಎರಡೆರಡಾಣೆ ಎತ್ತುತ್ತಿದ್ದರು. ಅಲ್ರೀ, ಇದನ್ನು ಯಾಕೆ ಮೂಲೆಗೆ ತಳ್ಳಿದಿರಿ?

ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದಿನ ಸಿಂಡಿಕೇಟ್ ಬ್ಯಾಂಕ್) ಕಟ್ಟಿದ್ದು 8,000 ರೂಪಾಯಿ ಬಂಡವಾಳದಲ್ಲಿ, ಕೈಮಗ್ಗ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗಲೆಂದು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆಯಾದರೂ ಸಾಕು, ಬ್ಯಾಂಕೇ ಬಾಗಿಲಿಗೆ ಬರುತ್ತದೆ. ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ದಿನಗೂಲಿಯವನಿಗೆ ಈ ಗಂಟು ಒಟ್ಟಿಗೆ ಕೈಗೆ ಬಂದಾಗ ಏನು ಮಾಡುತ್ತಿದ್ದ? ಹಂಚು ಹೊದೆಸಿದನೇ, ಸಾಲ ತೀರಿಸಿದನೇ? ಬ್ಯಾಂಕಿನ ಚರಿತ್ರೆ ಬರೆಯುವವರು ಠೇವಣಿಯ ಮೊತ್ತ ಹೇಳುತ್ತಾರೆ, ಇದನ್ನು ಹೇಳುವುದು ಕಡಿಮೆ.

ಅಜ್ಜನ ಕಮಿಷನ್ ಎಷ್ಟಿತ್ತು, ‘ಇವತ್ತು ವ್ಯಾಪಾರ ಇಲ್ಲ ಮಾರಾಯ್ರೆ, ನಾಳೆ ಬನ್ನಿ’ ಎಂದವರ ಪುಸ್ತಕದಲ್ಲಿ ಏನು ಬರೆಯುತ್ತಿದ್ದರು, ವಿಚಾರಿಸಿ. ಇನ್ನೊಂದು: 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರರಂತೆ ನಯಾಪೈಸೆ ಬಂತಲ್ಲ, ಎರಡಾಣೆ ಎಂದರೆ ಹನ್ನೆರಡೂವರೆ ನಯಾಪೈಸೆ. ಅರ್ಧ ನಯಾಪೈಸೆಯ ನಾಣ್ಯವೇ ಇರಲಿಲ್ಲ. ಆ ಅರ್ಧವನ್ನು ಬಿಟ್ಟುಕೊಟ್ಟವರು ಯಾರು, ಅಂಗಡಿಯವರೋ ಅಜ್ಜನೋ? ಮನೆಯಲ್ಲಿ ಹಳೆ ಪಾಸ್‌ಬುಕ್ ಇದ್ದರೆ ಉತ್ತರ ಅದರಲ್ಲೇ ಇರಬಹುದು.

ಸಿಂಡಿಕೇಟ್ ಬ್ಯಾಂಕಿನ 1969ರ ರಾಷ್ಟ್ರೀಕರಣ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನ, ಇವು ಒಂದೊಂದು ವಾಕ್ಯದಲ್ಲಿ ಮುಗಿಯಲಿ. ಸಾವಿರದಿನ್ನೂರು ಪದ ಸಾಕು, ಪಾಸ್‌ಬುಕ್ಕಿನ ಒಂದು ಪುಟದ ಫೋಟೊ ಜೊತೆಗಿರಲಿ. ಖಾತೆದಾರರ ಹೆಸರು ಮಾತ್ರ ಮುಚ್ಚಿ ಕಳಿಸಿ.

— ಸಂಪಾದಕ