ಅಲಾಸ್ಕಾದ ಗೇಟ್ಸ್ ಆಫ್ ದಿ ಆರ್ಕ್ಟಿಕ್ ನ್ಯಾಷನಲ್ ಪಾರ್ಕಲ್ಲಿ ಹಕ್ಕಿ ನೋಡೋಕೆ ಜೂನೇ ಬೆಸ್ಟ್ ಅಂತಾರಲ್ಲ, ಯಾಕೆ?

ಸಿಂಪಲ್ಲಾಗಿ ಹೇಳ್ಬೇಕಂದ್ರೆ ಸೊಳ್ಳೆ, ಮತ್ತೆ ಮುಳುಗದ ಸೂರ್ಯ. ಬ್ರೂಕ್ಸ್ ಬೆಟ್ಟಸಾಲಿನ ಈ ಪಾರ್ಕಲ್ಲಿ ನೆಲದಡಿ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತೆ, ಹಂಗಾಗಿ ಹಿಮ ಕರಗಿದ ನೀರು ಇಂಗದೆ ಮೇಲೇ ನಿಲ್ಲುತ್ತೆ, ಅದರಲ್ಲಿ ಸೊಳ್ಳೆ ಹುಳ ಎಲ್ಲಾ ಲೆಕ್ಕ ಇಲ್ಲದಷ್ಟು ಹುಟ್ತವೆ, ಜೊತೆಗೆ ರಾತ್ರೀನೂ ಬೆಳಕಿರೋದ್ರಿಂದ ಮರಿಗಳಿಗೆ ಗುಟುಕು ಕೊಡೋಕೆ ಬೇಕಾದಷ್ಟು ಟೈಮ್ ಸಿಗುತ್ತೆ. ಅದಕ್ಕೇ ಎಲ್ಲೆಲ್ಲಿಂದಲೋ ಬಂದು ಇಲ್ಲಿ ಗೂಡು ಕಟ್ತವೆ.

ನಾರ್ದರ್ನ್ ವೀಟಿಯರ್ ಅಂತ ಒಂದು ಹಕ್ಕಿ ಇದೆ, ತೂಕ ಸುಮಾರು 25 ಗ್ರಾಂ ಅಷ್ಟೇ, ಪೂರ್ವ ಆಫ್ರಿಕಾದಿಂದ ಇಡೀ ಏಷ್ಯಾ ದಾಟಿ ಹತ್ತಿರ ಹತ್ತಿರ 14,500 ಕಿಲೋಮೀಟರ್ ಹಾರಿ ಅಲಾಸ್ಕಾಗೆ ಬರುತ್ತೆ, ನಂಬೋಕೇ ಆಗಲ್ಲ! ಬಂಡೆ ರಾಶಿ ಇರೋ ಇಳಿಜಾರಲ್ಲಿ ಹುಡುಕಿ, ಗೂಡು ಕಲ್ಲಿನ ಸಂದಿಯಲ್ಲಿರುತ್ತೆ, ಹಾರಿದಾಗ ಬಿಳೀ ಬಾಲದ ಮೇಲೆ ಟಿ ಅಕ್ಷರ ತಲೆಕೆಳಗು ಮಾಡಿದಂಗೆ ಕಪ್ಪು ಗುರುತು ಕಾಣುತ್ತೆ.

ಆಗಸ್ಟಿಗೆ ಹೋದ್ರೆ ತುಂಬಾ ಹಕ್ಕಿಗಳು ಆಗಲೇ ಹೊರಟಿರ್ತವೆ. ಪಾರ್ಕೊಳಗೆ ರಸ್ತೆ ಇಲ್ಲ, ಕಾಲುದಾರೀನೂ ಮಾಡಿಲ್ಲ, ಹೆಚ್ಚಿನವರು ಬೆಟಲ್ಸ್ ಊರಿಂದ ಪುಟ್ಟ ವಿಮಾನದಲ್ಲಿ ಹೋಗ್ತಾರೆ. ಬೈನಾಕ್ಯುಲರ್ ಮರೆತ್ರೂ ಪರವಾಗಿಲ್ಲ, ಮುಖಕ್ಕೆ ಹಾಕೋ ಸೊಳ್ಳೆ ಬಲೆ ಮಾತ್ರ ಮರೀಬೇಡಿ.