ರುವಾಹಾಗೆ ಹೋಗುವುದಾದರೆ: ಒಣಗಾಲ, ನಾಲ್ಕು ರಾತ್ರಿ, ನೀಲಿ ಬಟ್ಟೆ ಬೇಡ

ನಮಸ್ಕಾರ ಸರ್. ಕೀನ್ಯಾದ ಮಸಾಯಿ ಮಾರಾದಲ್ಲಿ ಒಂದು ಸಿಂಹದ ಸುತ್ತ ಇಪ್ಪತ್ತು ಜೀಪು ನೋಡಿ ಬೇಜಾರಾಗಿದೆ, ಜನ ಕಡಿಮೆ ಇರುವ ಕಾಡು ಬೇಕು, ಜೊತೆಗೆ 64 ವರ್ಷದ ಅಪ್ಪ ಬರ್ತಾರೆ, ಎಲ್ಲರೂ ಸಸ್ಯಾಹಾರಿ ಅಂತ ಬರೆದಿದ್ದೀರಿ. ನನ್ನ ಉತ್ತರ ಒಂದೇ: ದಕ್ಷಿಣ ತಾಂಜಾನಿಯಾದ ರುವಾಹಾ ನ್ಯಾಷನಲ್ ಪಾರ್ಕ್. ಮೂರು ವರ್ಷದ ಹಿಂದೆ ಅಕ್ಟೋಬರ್‌ನಲ್ಲಿ ನಾವು ನಾಲ್ಕು ಜನ ಹೋಗಿದ್ದೆವು.

ಸುಮಾರು 20,000 ಚದರ ಕಿಲೋಮೀಟರ್ ಕಾಡು. ನಮ್ಮ ಬಂಡೀಪುರದಂಥವು ಇಪ್ಪತ್ತು ಹಿಡಿಯುತ್ತವೆ. ಒಂದೊಂದು ದಿನ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಬೇರೆ ಒಂದು ಗಾಡಿಯೂ ಕಾಣಲಿಲ್ಲ. ಆದರೆ ಮೊದಲೇ ಹೇಳಿಬಿಡ್ತೀನಿ, ಮಾರಾದ ಹಾಗೆ ವೈಲ್ಡ್‌ಬೀಸ್ಟ್ ಮಂದೆ ಹೊಳೆ ದಾಟುವ ದೃಶ್ಯ ಇಲ್ಲಿಲ್ಲ. ಘೇಂಡಾಮೃಗವೂ ಇಲ್ಲ. ಆನೆ, ಸಿಂಹ, ಎಮ್ಮೆ ಬೇಕಾದಷ್ಟು. ಕುಡು ಅನ್ನುವ ಚಿಗರೆ ಜಾತಿಯಲ್ಲಿ ದೊಡ್ಡ ಕುಡು, ಸಣ್ಣ ಕುಡು ಎರಡೂ ಒಂದೇ ಕಾಡಿನಲ್ಲಿ ಸಿಗುತ್ತವೆ. ಕಾಡುನಾಯಿ ಅದೃಷ್ಟದ ಮಾತು, ನಮಗೆ ಸಿಗಲಿಲ್ಲ.

ಹೋಗುವುದಾದರೆ ಜುಲೈಯಿಂದ ಅಕ್ಟೋಬರ್ ಒಳಗೆ ಹೋಗಿ. ಕಾಡು ಒಣಗಿ ಬೋಳಾಗಿರುತ್ತದೆ, ಪ್ರಾಣಿಗಳೆಲ್ಲ ಹೊಳೆ ಪಕ್ಕ ಬಂದು ಸೇರುತ್ತವೆ. ಅಕ್ಟೋಬರ್ ಬಿಸಿಲು ಮಾತ್ರ ನಮ್ಮ ಚಳ್ಳಕೆರೆಯ ಏಪ್ರಿಲ್ ಇದ್ದ ಹಾಗೆ. ಅಪ್ಪ ಬರುವುದರಿಂದ ಜುಲೈ, ಆಗಸ್ಟ್ ಒಳ್ಳೆಯದು. ಹಕ್ಕಿಯೇ ಮುಖ್ಯ ಅನ್ನುವವರು ಮಳೆಗಾಲದಲ್ಲಿ ಹೋಗುತ್ತಾರೆ, ಆದರೆ ಆಗ ಎಷ್ಟೋ ದಾರಿ ಕೆಸರಾಗಿ ಮುಚ್ಚಿಹೋಗುತ್ತವೆ.

ಕಾಡಿನೊಳಗೆ ಸುತ್ತಾಡುವುದಕ್ಕಿಂತ ಹೊಳೆ ದಂಡೆಯಲ್ಲಿ ಎಂಜಿನ್ ಆಫ್ ಮಾಡಿ ಕೂತುಕೊಳ್ಳಿ. ನಮ್ಮ ಹಗರಿ ಹೊಳೆಯ ಮರಳಲ್ಲಿ ಒರತೆ ತೋಡುತ್ತಿದ್ದದ್ದು ನೆನಪಿದೆಯಲ್ಲ? ಅದನ್ನೇ ಅಲ್ಲಿ ಆನೆ ಮಾಡುತ್ತದೆ. ನಾವು ನೋಡಿದ ಹೆಣ್ಣಾನೆ ಮುಂಗಾಲಲ್ಲಿ ಮರಳನ್ನು ಹಿಂದಕ್ಕೆ ಒದ್ದು ಒದ್ದು ಗುಂಡಿ ಮಾಡಿತು. ಆಮೇಲೆ ಸೊಂಡಿಲು ಇಳಿಸಿ ಹಸಿ ಮರಳನ್ನು ಎತ್ತಿ ಪಕ್ಕಕ್ಕೆ ಹಾಕಿತು. ನೀರು ಜಿನುಗುವ ತನಕ ಸುಮ್ಮನೆ ನಿಂತಿತು. ಮೊದಲ ಸೊಂಡಿಲು ಕೆಸರು ನೀರನ್ನು ಚೆಲ್ಲಿತು, ಎರಡನೆಯದನ್ನೂ ಚೆಲ್ಲಿತು, ಮೂರನೆಯದನ್ನು ಬಾಯಿಗೆ ಬಿಟ್ಟುಕೊಂಡಿತು. ಮರಿ ಸೊಂಡಿಲು ಹಾಕಲು ಬಂದರೆ ಕಾಲಲ್ಲೇ ತಳ್ಳಿತು. ಮುಕ್ಕಾಲು ಗಂಟೆ ಕುಡಿದು ಹೋಯಿತು. ಅದು ಆ ಕಡೆ ಹೋಗಿದ್ದೇ ತಡ, ಈ ಕಡೆಯಿಂದ ಬಬೂನ್ ಕೋತಿ, ಅದರ ಹಿಂದೆ ಇಂಪಾಲ ಚಿಗರೆ ಸಾಲು ಹಚ್ಚಿದವು.

ನಮ್ಮದು ರೈತರ ಗುಂಪು, ಅದಕ್ಕೆ ಇದನ್ನೂ ಹೇಳ್ತೀನಿ. ಈ ಗ್ರೇಟ್ ರುವಾಹಾ ಹೊಳೆ ಮೊದಲು ವರ್ಷವಿಡೀ ಹರಿಯುತ್ತಿತ್ತು. 1993ರಿಂದೀಚೆಗೆ ಒಣಗಾಲದಲ್ಲಿ ವಾರಗಟ್ಟಲೆ ಬತ್ತುತ್ತಿದೆ. ಮೇಲೆ ಉಸಾಂಗು ಬಯಲಿನಲ್ಲಿ ಭತ್ತದ ಗದ್ದೆಗಳಿಗೆ ನೀರು ತಿರುಗಿಸಿದ್ದು ಮುಖ್ಯ ಕಾರಣ. ಮೇಲಿನವರು ತೂಬು ಎತ್ತಿದರೆ ಕೆಳಗಿನವರಿಗೆ ಬರೀ ಮರಳು. ನಮಗೇನು ಹೊಸದಲ್ಲ ಬಿಡಿ.

ದಾರಿ ಹೀಗೆ. ದಾರ್ ಎಸ್ ಸಲಾಮ್‌ನಿಂದ ಇರಿಂಗಾ ಊರಿಗೆ ಸುಮಾರು 500 ಕಿಲೋಮೀಟರ್. ಹೆದ್ದಾರಿಯೇ ಮಿಕುಮಿ ಕಾಡಿನೊಳಗೆ ಹಾಯುತ್ತದೆ, ಬಸ್ ಕಿಟಕಿಯಲ್ಲೇ ಜಿರಾಫೆ ನೋಡಬಹುದು. ಇರಿಂಗಾದಿಂದ ಪಾರ್ಕಿನ ಮುಖ್ಯ ಕಚೇರಿ ಇರುವ ಮ್ಸೆಂಬೆಗೆ ಸುಮಾರು 130 ಕಿಲೋಮೀಟರ್. ನಾವು ಹೋದಾಗ ಬಹುಪಾಲು ಮಣ್ಣು ರಸ್ತೆ, ತಗಡಿನ ಶೀಟಿನ ಮೇಲೆ ಗಾಡಿ ಓಡಿಸಿದ ಹಾಗೆ ದಡಬಡ. ಅಪ್ಪನಿಗೆ ಸೊಂಟ ನೋವಿದ್ದರೆ ದಾರ್‌ನಿಂದ ಸಣ್ಣ ವಿಮಾನದಲ್ಲೇ ಮ್ಸೆಂಬೆಗೆ ಇಳಿಯಿರಿ. ಅದಕ್ಕೆ ಮೆತ್ತನೆ ಬ್ಯಾಗೇ ಬೇಕು, ಸಾಮಾನ್ಯವಾಗಿ 15 ಕೆಜಿ ಮಿತಿ. ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ.

ಗಾಡಿ ಇರಿಂಗಾದಲ್ಲೇ ಡ್ರೈವರ್ ಸಮೇತ ಬಾಡಿಗೆಗೆ ಸಿಗುತ್ತದೆ. ಹೊರಡುವ ಮೊದಲು ಸ್ಟೆಪ್ನಿ ನೀವೇ ಒತ್ತಿ ನೋಡಿ. ನಾವು ನೋಡಲಿಲ್ಲ. ಕಾಡಿನೊಳಗೆ ಪಂಕ್ಚರ್ ಆದಾಗ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಕೈಪಂಪಿನಲ್ಲಿ ಹೊಡೆದು ಹೊಡೆದು ಒಂದೂವರೆ ಗಂಟೆ. ಅಷ್ಟೂ ಹೊತ್ತು ತ್ಸೆತ್ಸೆ ನೊಣ. ಕಾಲುಚೀಲದ ಮೇಲಿಂದಲೇ ಚುಚ್ಚುತ್ತದೆ, ಕಾದ ಸೂಜಿ ಇಟ್ಟ ಹಾಗೆ. ನೀಲಿ, ಕಪ್ಪು ಬಣ್ಣ ಕಂಡರೆ ಅದಕ್ಕೆ ಪ್ರಾಣ. ಆ ನೊಣ ಹಿಡಿಯಲು ಮರಕ್ಕೆ ಕಟ್ಟುವ ಬಟ್ಟೆಯೂ ನೀಲಿ ಕಪ್ಪು ಬಣ್ಣದ್ದೇ. ನಮ್ಮಲ್ಲೊಬ್ಬ ಜೀನ್ಸ್ ಹಾಕಿದ್ದ, ಪಾಪ. ಖಾಕಿ, ಮಾಸಲು ಹಸಿರು ಬಟ್ಟೆ ತಗೊಳ್ಳಿ. ದಟ್ಟ ಕಾಡಿನಲ್ಲಿ ಗಾಜು ಏರಿಸಿ. ಹೊಳೆ ದಂಡೆಯಲ್ಲಿ ಅದರ ಕಾಟ ಕಡಿಮೆ.

ಮಲೇರಿಯಾ ಮಾತ್ರೆಯನ್ನು ಡಾಕ್ಟರ್ ಕೇಳಿ ತಪ್ಪದೆ ಶುರು ಮಾಡಿ. ಹಳದಿ ಜ್ವರದ ಲಸಿಕೆ ವಿಚಾರದಲ್ಲಿ ಹುಷಾರು. ಈ ಸಲವೂ ಕೀನ್ಯಾದಲ್ಲಿ ಇಳಿದು ಉಳಿಯುವ ಯೋಚನೆ ಇದ್ದರೆ, ವಾಪಸು ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಆ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆಯೇ ಕಾರ್ಡ್ ಜಾರಿಗೆ ಬರುತ್ತದೆ. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಕೊಡುವಾಗ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಅಪ್ಪನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಕೇಳಿಯೇ ನಿರ್ಧಾರ ಮಾಡಿ. ಮಾರಾಗೆ ಹೋದಾಗ ನೀವು ಹಾಕಿಸಿಕೊಂಡಿದ್ದರೆ ಅದೇ ಸಾಕು, ಜೀವನಪೂರ್ತಿ ನಡೆಯುತ್ತದೆ.

ಊಟಕ್ಕೆ ಹೆದರಬೇಡಿ. ಉಗಾಲಿ ಅಂದರೆ ಬಿಳಿ ಮೆಕ್ಕೆಜೋಳದ ಮುದ್ದೆ. ಮಹರಾಗೆ ಅಂದರೆ ಕಾಳಿನ ಸಾರು. ಮ್ಚಿಚಾ ಅಂತ ಒಂದು ಪಲ್ಯ ಕೊಡುತ್ತಾರೆ, ನೋಡಿದರೆ ನಮ್ಮ ದಂಟಿನ ಸೊಪ್ಪು! ಚಪಾತಿಗೆ ಅಲ್ಲೂ ಚಪಾತಿ, ಚಾಯ್‌ಗೆ ಚಾಯ್. "ಸಿಲಿ ನ್ಯಾಮಾ" ಅಂದರೆ ಮಾಂಸ ತಿನ್ನಲ್ಲ ಅಂತ. ಬಾಯಿಪಾಠ ಮಾಡಿಕೊಳ್ಳಿ. ನಾವು ಉಪ್ಪಿನಕಾಯಿ, ಚಟ್ನಿಪುಡಿ ಒಯ್ದಿದ್ದೆವು, ಡ್ರೈವರ್ ಅರ್ಧ ಖಾಲಿ ಮಾಡಿದ.

ಪ್ರವೇಶ ಶುಲ್ಕ 24 ಗಂಟೆ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಒಳಗೆ ಹೋದರೆ ಮರುದಿನ ಎರಡರವರೆಗೆ. ಗೇಟಿನಲ್ಲಿ ಕಾರ್ಡಿನಲ್ಲಿ ಕಟ್ಟಬೇಕು, ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇಟ್ಟುಕೊಳ್ಳಿ. ಉಳಿಯಲು ಮ್ಸೆಂಬೆ ಹತ್ತಿರ ಪಾರ್ಕಿನದೇ ಬಾಂಡಾಗಳಿವೆ, ಸಾದಾ ಕೋಣೆ. ರಾತ್ರಿ ಬಾಗಿಲ ಹೊರಗೆ ಆನೆ ಮೇಯುತ್ತಿರುತ್ತದೆ, ಅಪ್ಪನಿಗೆ ಮೊದಲೇ ಹೇಳಿಟ್ಟಿರಿ.

ಇನ್ನೊಂದು, ಸವಣೂರಿನ ದೊಡ್ಡ ಹುಣಸೆ ಮರ ನೋಡಿದ್ದೀರಲ್ಲ? ಅದೇ ಬಾವೋಬಾಬ್. ಅಲ್ಲಿ ಗುಡ್ಡದ ತುಂಬ ಅವೇ, ಬುಡದ ತೊಗಟೆಯನ್ನೆಲ್ಲ ಆನೆ ದಂತದಲ್ಲಿ ಸಿಗಿದಿರುತ್ತದೆ. ಸಂಜೆ ಐದೂವರೆಗೆ ಬೆಳಕು ಚೆನ್ನಾಗಿ ಬೀಳುತ್ತದೆ, ಆದರೆ ಕತ್ತಲಾದ ಮೇಲೆ ಸ್ವಂತವಾಗಿ ಗಾಡಿ ಓಡಿಸುವ ಹಾಗಿಲ್ಲ. ಫೋಟೊ ಆಸೆಗೆ ತಡ ಮಾಡಬೇಡಿ. ತಿಂಗಳು ಗಟ್ಟಿ ಆದ ಮೇಲೆ ಇಲ್ಲೇ ಬರೆಯಿರಿ, ನಾಲ್ಕು ರಾತ್ರಿಗೆ ಯಾವ ದಿನ ಯಾವ ದಂಡೆ ಅಂತ ಹೇಳ್ತೀನಿ.