ಪರ ಊರಿನ ಅಂಕಣದಲ್ಲಿ ಕೈ ತಡವರಿಸದಿರಲು

ನಿಮ್ಮ ಬಾಸ್ಕೆಟ್‌ಬಾಲ್ ತಂಡದ ಹುಡುಗಿಯರಿಗೆ ತಮ್ಮೂರು ದಾವಣಗೆರೆಯಲ್ಲಿ ಸಲೀಸಾಗಿ ಬೀಳುವ ಫ್ರೀ ಥ್ರೋಗಳು (ಎದುರಾಳಿ ಫೌಲ್ ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ರಿಂಗ್‌ಗೆ ಹಾಕಲು ಸಿಗುವ ಎಸೆತಗಳು) ಬೆಂಗಳೂರಿನಲ್ಲಿ ಏಕೆ ತಪ್ಪುತ್ತಿವೆ ಎಂದು ಕೇಳಿದ್ದೀರಿ. ಅದಕ್ಕೆ ಕಾರಣ ಹೆದರಿಕೆಗಿಂತ ಹೆಚ್ಚಾಗಿ ಹೊಸ ಜಾಗ: ಗದ್ದಲ, ಮರದ ನೆಲ, ರಿಂಗ್ ಹಿಂದೆ ಕುಳಿತ ಜನ. ನಿಮ್ಮ ಹುಡುಗಿಯರ ಕೌಶಲವನ್ನು ಅನುಮಾನಿಸಬೇಡಿ.

ಹೊರಡುವ ಹಿಂದಿನ ವಾರ, ಅಭ್ಯಾಸದ ಕೊನೆಯಲ್ಲಿ ಅವರು ದಣಿದಿರುವಾಗಲೇ, ಉಳಿದವರಿಂದ ಜೋರಾಗಿ ಕೂಗಿಸುತ್ತಾ ಫ್ರೀ ಥ್ರೋ ಹಾಕಿಸಿ. ನಿಯಮದ ಪ್ರಕಾರ ಸಿಗುವುದು 5 ಸೆಕೆಂಡ್. ಅಷ್ಟರೊಳಗೆ ಒಂದು ದೀರ್ಘ ಉಸಿರು, ಚೆಂಡನ್ನು ಎರಡು ಸಲ ಪುಟಿಸುವುದು, ಎಸೆತ. ಹೀಗೆ ಪ್ರತಿಯೊಬ್ಬಳಿಗೂ ತನ್ನದೇ ಕ್ರಮವಿರಲಿ, ಯಾವ ಊರಿನಲ್ಲೂ ಅದು ಬದಲಾಗದಿರಲಿ. ಇದೇ ಮುಖ್ಯ.

ಬೆಳಗಿನ ಪಂದ್ಯವಾದರೆ ಹಿಂದಿನ ಸಂಜೆಯೇ ತಲುಪಿ. ರಾತ್ರಿ ಬಸ್ಸಿನಿಂದಿಳಿದು ನೇರವಾಗಿ ಆಡಿಸಬೇಡಿ. ಅಂಕಣವನ್ನೊಮ್ಮೆ ಸುತ್ತಿಸಿ, ರಿಂಗ್ ಅಲ್ಲಿಯೂ 3.05 ಮೀಟರ್ ಎತ್ತರದಲ್ಲೇ ಇದೆಯೆಂದು ತೋರಿಸಿ. ಪ್ರೇಕ್ಷಕರ ಚುಚ್ಚುಮಾತಿಗೆ ಯಾರೂ ಉತ್ತರಿಸಬಾರದೆಂದು ಬಸ್ ಹತ್ತುವ ಮೊದಲೇ ಹೇಳಿಬಿಡಿ.